ಕೊರೆದದ್ದು, ಕಟ್ಟಿದ್ದು, ಬಿದ್ದದ್ದು

ಇಳಕಲ್
12 ಜೂನ್ 1978

ಮಾನ್ಯ ಅಮಸಿದ್ದಪ್ಪನವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನೀವು ನಿವೃತ್ತರಾಗಿ ಬಾದಾಮಿಯ ಮಗಳ ಮನೆಗೆ ಹೋದ ಮೇಲೆ, ಇಳಕಲ್ ವಾಚನಾಲಯದ ನಿಮ್ಮ ಕುರ್ಚಿಯಲ್ಲಿ ಈ ತಿಂಗಳ ಒಂದನೇ ತಾರೀಖಿನಿಂದ ಕುಳಿತಿರುವವಳು ನಾನು. ನನ್ನೂರು ಹುನಗುಂದ. ಧಾರವಾಡದಲ್ಲಿ ಗ್ರಂಥಾಲಯ ಶಾಸ್ತ್ರ ಕಲಿತು ಬಂದಿದ್ದೇನೆ. ಆ ಕುರ್ಚಿಯ ಒಂದು ಕಾಲು ಕುಂಟು ಎಂದು ನೀವು ಯಾರಿಗೂ ಹೇಳದೆ ಹೋದಿರಿ. ಮೊದಲ ದಿನವೇ ಪೇಪರ್ ಓದಲು ಬಂದ ಆರು ಜನ ಗಂಡಸರ ಎದುರು ಬಿದ್ದೆ. ಇರಲಿ.

ಬರೆಯುತ್ತಿರುವುದು ಪುಣೆಯ ಪ್ರಾಧ್ಯಾಪಕರ ಪುಸ್ತಕಗಳ ವಿಷಯಕ್ಕೆ. ಐಹೊಳೆಗೆ ಓಡಾಡುವಾಗ ಅವರು ನಮ್ಮ ವಾಚನಾಲಯದಲ್ಲೇ ಬಸ್ಸಿಗೆ ಕಾಯುತ್ತಿದ್ದರಂತೆ, ಸಾಯುವ ಮುಂಚೆ ವಾಸ್ತುಶಿಲ್ಪ ಮತ್ತು ಕಲೆಯ ಇತಿಹಾಸದ ಮುನ್ನೂರ ಹನ್ನೆರಡು ಇಂಗ್ಲಿಷ್ ಪುಸ್ತಕಗಳನ್ನು ನಮಗೇ ಬರೆದುಕೊಟ್ಟರಂತೆ. ಅವುಗಳ ಬೆನ್ನಿಗೆ ನೀವು ಕೆಂಪು, ಹಳದಿ, ಹಸಿರು, ಬಿಳಿ ದಾರ ಕಟ್ಟಿದ್ದೀರಿ. ವರ್ಗಸಂಖ್ಯೆ ಒಂದಕ್ಕೂ ಇಲ್ಲ. ಬಾದಾಮಿ ಗುಹೆಗಳ ಪಕ್ಕದಲ್ಲಿ ಈಜಿಪ್ತಿನ ಪುಸ್ತಕ ಇದೆ. ನಾನು ಕಲಿತ ಯಾವ ಪದ್ಧತಿಯಲ್ಲೂ ದಾರ ಇಲ್ಲ. ಇದು ಯಾವ ದೇಶದ ಪದ್ಧತಿ, ದಯವಿಟ್ಟು ತಿಳಿಸಿ.

ಅವಸರಕ್ಕೆ ಕಾರಣವಿದೆ. ಫೆಬ್ರುವರಿಯಲ್ಲಿ ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆ. ಪುಸ್ತಕಗಳನ್ನು ಕ್ರಮವಾಗಿ ವರ್ಗೀಕರಿಸಿರಬೇಕು, ಜನ ಅವನ್ನು ಓದುತ್ತಲೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮುನ್ನೂರ ಹನ್ನೆರಡೂ ಬಾಗಲಕೋಟೆಗೆ ಹೋಗುತ್ತವೆ ಎಂದು ಸುತ್ತೋಲೆ ಬಂದಿದೆ.

ವಿಧೇಯಳು,
ಜೋಹರಾ


ಬಾದಾಮಿ
2 ಜುಲೈ 1978

ಕುಮಾರಿ ಜೋಹರಾ ಅವರಿಗೆ,

ಕುರ್ಚಿಯ ಮಾತು ಹೇಳದೆ ಬಂದದ್ದು ನನ್ನದೇ ತಪ್ಪು. ಸ್ವಲ್ಪ ಎಡಕ್ಕೆ ವಾಲಿ ಕೂತರೆ ಅದು ಏನೂ ಮಾಡುವುದಿಲ್ಲ. ಹನ್ನೆರಡು ವರ್ಷ ನಾನು ವಾಲಿಯೇ ಕೂತಿದ್ದೆ. ಈಗ ಮನೆಯ ಕಟ್ಟೆಯ ಮೇಲೂ ವಾಲಿಯೇ ಕೂರುತ್ತೇನೆ, ಮಗಳು ರಂಗವ್ವ ಬೈಯುತ್ತಾಳೆ.

ದಾರದ ಪದ್ಧತಿ ಯಾವ ದೇಶದ್ದೂ ಅಲ್ಲ, ನನ್ನದೇ. ಬಿಡಿಸಿ ಹೇಳುವುದಕ್ಕಿಂತ ನೀವು ಎಂಟು ದಿನ ಸುಮ್ಮನೆ ಕೂತು ಯಾರು ಯಾವ ದಾರಕ್ಕೆ ಕೈ ಹಾಕುತ್ತಾರೆ ನೋಡಿ, ತಾನಾಗಿ ತಿಳಿಯುತ್ತದೆ. ಯಾವುದಾದರೂ ಪುಸ್ತಕದ ಬಗ್ಗೆ ಕೇಳುವುದಿದ್ದರೆ ಹೆಸರು ಬರೆಯಬೇಡಿ. ರಟ್ಟಿನ ಬಣ್ಣ ಮತ್ತು ಒಳಗಿನ ಮೊದಲನೇ ಚಿತ್ರ ಯಾವುದು ಅಷ್ಟು ಬರೆಯಿರಿ. ಈ ವಯಸ್ಸಿನಲ್ಲಿ ಹೆಸರು ನೆನಪು ಉಳಿಯುವುದಿಲ್ಲ.

ಇಲ್ಲಿ ಮಂಗಗಳದೇ ರಾಜ್ಯ. ಮೊನ್ನೆ ಒಂದು ನನ್ನ ಕೈಯ ರೊಟ್ಟಿ ಕಸಿದುಕೊಂಡು, ಮಾಳಿಗೆಯ ಮೇಲೆ ಕೂತು, ನನ್ನ ಮುಖ ನೋಡುತ್ತಲೇ ತಿಂದು ಮುಗಿಸಿತು.

ದಾರ ಮಾತ್ರ ಬಿಚ್ಚಬೇಡಿ.

ಅಮಸಿದ್ದಪ್ಪ


ಇಳಕಲ್
20 ಜುಲೈ 1978

ಮಾನ್ಯರೇ,

ನೀವು ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ ಎಂದು ಗೊತ್ತಾಯಿತು. ವಿದ್ವಾಂಸರು ಹೀಗೇ, ಉತ್ತರ ಕೈಗೆ ಕೊಡುವುದಿಲ್ಲ. ನಿಮ್ಮ ಎರವಲು ರಿಜಿಸ್ಟರ್ ನೋಡಿ ಬೆರಗಾದೆ. ಒಂದು ಪುಸ್ತಕದ ಹೆಸರೂ ಬರೆದಿಲ್ಲ, ಬರೀ ದಾಖಲೆ ಸಂಖ್ಯೆ. ಎಷ್ಟು ಚುಟುಕು, ಎಷ್ಟು ಅಚ್ಚುಕಟ್ಟು! ಧಾರವಾಡದ ನಮ್ಮ ಗುರುಗಳಿಗೂ ಇದು ಹೊಳೆದಿರಲಿಲ್ಲ.

ಒಂದು ವಾರ ಹುನಗುಂದದ ಬಸ್ಸಿನಲ್ಲಿ ನಿಂತು ಯೋಚನೆ ಮಾಡಿ ನಾನೇ ಬಿಡಿಸಿದ್ದೇನೆ. ಕೆಂಪು ಎಂದರೆ ಚಾಲುಕ್ಯರು. ಹಳದಿ ರಾಷ್ಟ್ರಕೂಟರು. ಹಸಿರು ವಿಜಯನಗರ. ಬಿಳಿ ಪರದೇಶ. ಸರಿ ತಾನೇ? ಒಂದೆರಡು ಕಡೆ ಮಾತ್ರ ಎಡವಿದೆ. ಗೋವೆಯ ಚರ್ಚು ರಾಷ್ಟ್ರಕೂಟರಲ್ಲಿದೆ. ರೋಮ್ ಪಟ್ಟಣ ಹಂಪಿಯ ಜೊತೆ ವಿಜಯನಗರದಲ್ಲಿದೆ. ಅಜಂತೆ ಪರದೇಶಕ್ಕೆ ಹೋಗಿದೆ. ಇದರ ಹಿಂದೆ ಏನೋ ಆಳವಾದ ವಿಚಾರ ಇರಲೇಬೇಕು.

ಇನ್ನೊಂದು, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಒಂದು ವೇಳೆ ಯಾರಾದರೂ ಗೊತ್ತಿಲ್ಲದೆ ದಾರ ಬಿಚ್ಚಿಬಿಟ್ಟರೆ, ಯಾವ ಪುಸ್ತಕಕ್ಕೆ ಯಾವ ದಾರ ಎಂದು ಮತ್ತೆ ಹೇಳಲು ಬರುತ್ತದೆಯೇ? ನಿಮ್ಮ ಹತ್ತಿರ ಒಂದು ಪಟ್ಟಿ ಇರಬೇಕಲ್ಲ?

ಜೋಹರಾ


ಬಾದಾಮಿ
6 ಆಗಸ್ಟ್ 1978

ಜೋಹರಾ ತಂಗಿಗೆ,

ನಿನ್ನ ಪತ್ರ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುವಿನಲ್ಲಿ 'ನೀವು' ಎನ್ನುವುದು ಮರೆತುಹೋಯಿತು, ತಪ್ಪು ತಿಳಿಯಬೇಡ. ನಾಲ್ಕು ಎಳೆ ದಾರಕ್ಕೆ ನೀನು ಇಷ್ಟೊಂದು ರಾಜರನ್ನು ಕಟ್ಟಿದೆಯಲ್ಲ, ಪಾಪ ದಾರ!

ಚಾಲುಕ್ಯರಿಗೂ ಅದಕ್ಕೂ ಸಂಬಂಧವಿಲ್ಲ. ಕೆಂಪು ಎಂದರೆ ಕೊರೆದದ್ದು. ಹಳದಿ ಎಂದರೆ ಕಟ್ಟಿದ್ದು. ಹಸಿರು ಎಂದರೆ ಬಿದ್ದದ್ದು. ಇಷ್ಟೇ. ನಮ್ಮದು ಕುರಿ ಕಾಯುವ ಮನೆ. ಸಣ್ಣವನಿದ್ದಾಗ ಪಟ್ಟದಕಲ್ಲು, ಐಹೊಳೆ, ಬಾದಾಮಿ ಎಲ್ಲಾ ಕಡೆ ಕುರಿ ಹೊಡೆದುಕೊಂಡು ತಿರುಗಿದೆ. ಮಳೆ ಬಂದಾಗ ಗುಡಿಯೊಳಗೆ ನುಗ್ಗುತ್ತಿದ್ದೆವು. ಗುಡ್ಡದಲ್ಲಿ ಕೊರೆದ ಗುಡಿಯೊಳಗೆ ಒಂದು ಹನಿ ಸೋರುವುದಿಲ್ಲ. ಕಟ್ಟಿದ ಗುಡಿ ಸಂದಿನಲ್ಲಿ ಸೋರುತ್ತದೆ. ಬಿದ್ದದ್ದರಲ್ಲಿ ಪೂರಾ ನೆನೆಯುತ್ತೇವೆ. ಯಾವ ರಾಜ ಕಟ್ಟಿಸಿದ ಎಂದು ಕುರಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಜಿಪ್ತಿನವರೂ ಗುಡ್ಡ ಕೊರೆದೇ ಗುಡಿ ಮಾಡಿದ್ದಾರೆ, ಆದ್ದರಿಂದ ಅವರು ಬಾದಾಮಿಯ ಪಕ್ಕ ಕೂತಿದ್ದಾರೆ.

ಬಿಳಿ ದಾರದ್ದು ನಾನು ಹೇಳುವುದಿಲ್ಲ. ಸೀರೆ ನೇಯುವ ಮನೆಯ ಲಗಮವ್ವನನ್ನು ಕೇಳು.

ಪಟ್ಟಿಗಿಟ್ಟಿ ಏನೂ ಇಲ್ಲ. ಅಲ್ಲಾ, ದಾರ ಬಿಚ್ಚಿದರೆ ಎಂದು ಯಾಕೆ ಕೇಳಿದೆ? ಬಿಚ್ಚಿದೆಯಾ?

ಅಮಸಿದ್ದಪ್ಪ


ಇಳಕಲ್
1 ಸೆಪ್ಟೆಂಬರ್ 1978

ಅಮಸಿದ್ದಪ್ಪ ಕಾಕಾ ಅವರಿಗೆ,

ಬಿಚ್ಚಿದೆ. ನಿಮಗೆ ಮೊದಲ ಪತ್ರ ಬರೆದ ಮೂರನೇ ದಿನವೇ, ಉತ್ತರಕ್ಕೂ ಕಾಯದೆ, ಅಷ್ಟನ್ನೂ ಬಿಚ್ಚಿದೆ. ದಶಾಂಶ ಪದ್ಧತಿಯ ಸಂಖ್ಯೆ ಬರೆದು ಅಂಟಿಸಿದೆ. 709ರಲ್ಲಿ ಕಲೆಯ ಇತಿಹಾಸ, 720ರಲ್ಲಿ ವಾಸ್ತುಶಿಲ್ಪ, 730ರಲ್ಲಿ ಶಿಲ್ಪ. ಕಪಾಟು ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು. ನಿಮ್ಮ 'ದಾರ ಬಿಚ್ಚಬೇಡಿ' ಬಂದಾಗ ತಡವಾಗಿತ್ತು. ಹೇಳುವ ಧೈರ್ಯ ಆಗಲಿಲ್ಲ.

ಗ್ರಾನೈಟ್ ಪಾಲಿಶ್ ಮಾಡುವ ಮಲೀಕಸಾಬರು ಬಂದರು. ಕಪಾಟಿನ ಮುಂದೆ ನಿಂತು ತಲೆ ಕೆರೆದುಕೊಂಡರು.

"ಅಕ್ಕಾರ, ಕೆಂಪ ದಾರದ್ದು ಎಲ್ಲಿ ಹೋದೂರಿ?"

"ಈಗ ನಂಬರ್ ಹಾಕೇನ್ರಿ ಚಾಚಾ. ಏಳನೂರಾ ಇಪ್ಪತ್ತೆರಡರಾಗ ನೋಡ್ರಿ."

"ಅದು ನಮ್ಮ ಖಣಿ ಲಾರಿ ನಂಬರ ಇದ್ದಂಗೈತ್ರಿ. ನನಗ ಕಲ್ಲು ಒಳಗಿಂದ ಹೆಂಗ ತಗದಾರ ನೋಡೋದೈತಿ. ಮತ್ತ ಬರ್ತೇನಿ ಬಿಡ್ರಿ."

ಮತ್ತೆ ಬರಲಿಲ್ಲ. ಲಗಮವ್ವನನ್ನು ದಾರಿಯಲ್ಲಿ ಹಿಡಿದು ಬಿಳಿ ದಾರದ ಗುಟ್ಟು ಕೇಳಿದೆ.

"ಅದ್ರಾಗ ಮೂರ್ತಿ ಉಟ್ಟ ಬಟ್ಟಿ ಛಲೋ ಕಾಣ್ತಿದ್ದುವ್ರಿ ಬಾಯಾರ. ಸೊಂಟದ ಮ್ಯಾಲಿನ ದಡಿ, ಸೆರಗಿನ ಕುಚ್ಚು. ನಾವು ಹಾಳ್ಯಾಗ ಬರಕೊಂಡು ಬಂದು ಮಗ್ಗದಾಗ ನೋಡತಿದ್ವಿ. ಈಗ ಹುಡಕಾಕ ಯಾರಿಗೆ ಪುರುಸೊತ್ತೈತ್ರಿ?"

ಹೀಗಿದೆ ಕಾಕಾ. ನಿಮ್ಮ ಕಾಲದಲ್ಲಿ ತಿಂಗಳಿಗೆ ನಲವತ್ತು ಪುಸ್ತಕ ಹೋಗುತ್ತಿದ್ದವು. ನನ್ನ ಕಾಲದಲ್ಲಿ ಎರಡೂವರೆ ತಿಂಗಳಿಗೆ ಒಂಬತ್ತು. ನಿಮ್ಮದರಲ್ಲಿ ಓದುವವರಿದ್ದರು, ವರ್ಗೀಕರಣವಿರಲಿಲ್ಲ. ನನ್ನದರಲ್ಲಿ ವರ್ಗೀಕರಣವಿದೆ, ಓದುವವರಿಲ್ಲ. ಎರಡರಲ್ಲಿ ಯಾವುದಾದರೂ ಪುಸ್ತಕಗಳು ಬಾಗಲಕೋಟೆಗೇ.

ಪುಸ್ತಕಗಳ ಹೆಸರಿನ ಪಟ್ಟಿ ಇದರ ಜೊತೆ ಇಟ್ಟಿದ್ದೇನೆ, ಹನ್ನೊಂದು ಹಾಳೆ. ಪ್ರತಿ ಹೆಸರಿನ ಮುಂದೆ ದಾರದ ಬಣ್ಣ ಬರೆದು ಕಳಿಸಿ. ಬೈಯುವುದಿದ್ದರೆ ಅದೇ ಹಾಳೆಯ ಹಿಂದೆ ಬರೆಯಿರಿ.

ನಿಮ್ಮ ಜೋಹರಾ


ಇಳಕಲ್
9 ಅಕ್ಟೋಬರ್ 1978

ಕಾಕಾ ಅವರಿಗೆ,

ಐದು ವಾರ ಆಯಿತು. ನೀವು ಮುಖ ಊದಿಸಿಕೊಂಡಿದ್ದೀರಿ ಎಂದು ಗೊತ್ತು. ಬೈದಾದರೂ ಬರೆಯಿರಿ. ನನ್ನ ಮೇಲಿನ ಸಿಟ್ಟಿಗೆ ಮಲೀಕಸಾಬರ ಪುಸ್ತಕ ಊರು ಬಿಡುವುದು ಬೇಡ.

ಜೋಹರಾ


ಬಾದಾಮಿ
25 ಅಕ್ಟೋಬರ್ 1978

ಜೋಹರವ್ವಗೆ ಆಶೀರ್ವಾದ.

ಸಿಟ್ಟು ಮೊದಲ ಎರಡು ದಿನ ಇತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಇಳಿಯಿತು. ತಡವಾದದ್ದು ಕಣ್ಣಿನ ಸಲುವಾಗಿ. ಇಲ್ಲಿಯ ಡಾಕ್ಟರು ನನಗೆ ಇಂಗ್ಲಿಷ್ ಅಕ್ಷರ ಓದಲೇಬಾರದು ಎಂದು ತಾಕೀತು ಮಾಡಿದ್ದಾರೆ. ಅದರ ಅಕ್ಷರ ಸಣ್ಣದಂತೆ, ನರಕ್ಕೆ ಜಗ್ಗುತ್ತದಂತೆ. ಕನ್ನಡ ಓದಿದರೆ ಅಡ್ಡಿಯಿಲ್ಲವಂತೆ. ಆದ್ದರಿಂದ ನಿನ್ನ ಹನ್ನೊಂದು ಹಾಳೆಯನ್ನು ಹಾಗೇ ಮಡಚಿ ಇಟ್ಟಿದ್ದೇನೆ.

ನೀನು ಒಂದು ಮಾಡು. ಮೂರು ದಾರದ ಲೆಕ್ಕ ನಿನಗೆ ಗೊತ್ತಾಗಿದೆ. ತಿಳಿದಷ್ಟಕ್ಕೆ ನೀನೇ ಕಟ್ಟು. ಬಿಳಿಯದನ್ನು ಲಗಮವ್ವನ ಕೈಗೆ ಕೊಡು. ತಿಳಿಯದೇ ಉಳಿದದ್ದನ್ನು ಮಾತ್ರ ನನಗೆ ಬರೆ. ರಟ್ಟಿನ ಬಣ್ಣ, ಮೊದಲನೇ ಚಿತ್ರ. ಕನ್ನಡದಲ್ಲಿ.

ಅಮಸಿದ್ದಪ್ಪ


ಇಳಕಲ್
4 ನವೆಂಬರ್ 1978

ಕಾಕಾ ಅವರಿಗೆ,

ನಿಮ್ಮ ಡಾಕ್ಟರು ಹೇಳಿದ ಹಾಗೆಯೇ ಮಾಡಿ. ಕಣ್ಣು ದೊಡ್ಡದು. ಇನ್ನು ಮುಂದೆ ನನ್ನ ಪತ್ರದಲ್ಲಿ ಒಂದೂ ಇಂಗ್ಲಿಷ್ ಅಕ್ಷರ ಇರುವುದಿಲ್ಲ.

ಕೆಲಸ ಶುರುವಾಗಿದೆ. ಲಗಮವ್ವ ಮಗ್ಗದ ಮನೆಯಿಂದ ನಾಲ್ಕು ಬಣ್ಣದ ನೂಲು ತಂದುಕೊಟ್ಟು, ಬಿಳಿಯವನ್ನೆಲ್ಲ ಎರಡೇ ಮಧ್ಯಾಹ್ನದಲ್ಲಿ ಆರಿಸಿದಳು. ಒಂದು ಗ್ರೀಕ್ ದೇವತೆಯ ಚಿತ್ರ ನೋಡಿ, "ಈಕಿ ಸೆರಗು ಹೊತ್ತಿದ್ದ ಸುದ್ದ ಇಲ್ಲ ನೋಡ್ರಿ, ಆದ್ರ ನಿರಿಗಿ ಛಲೋ ಹಿಡದಾಳ" ಎಂದು ಬಿಳಿ ದಾರ ಕಟ್ಟಿಬಿಟ್ಟಳು. ಮಲೀಕಸಾಬರಿಗೆ ಹೇಳಿಕಳಿಸಿದೆ, ಶುಕ್ರವಾರ ನಮಾಜು ಮುಗಿಸಿ ಬಂದು ಕೆಂಪು ಹಿಡಿದಿದ್ದಾರೆ.

ಉಳಿದದ್ದು ಹದಿನೇಳು. ಮೊದಲು ಮೂರು ಕೇಳುತ್ತೇನೆ.

ನೀಲಿ ರಟ್ಟು, ಮೊದಲ ಚಿತ್ರ ಆನೆಯ ಹಿಂಭಾಗ ಮಾತ್ರ.

ಬೂದು ರಟ್ಟು, ಒಂದೇ ಬಂಡೆಯಲ್ಲಿ ಕಡೆದು ತೆಗೆದ ದೊಡ್ಡ ಗುಡಿ, ಮೇಲಿನಿಂದ ತೆಗೆದದ್ದು. ಎಲ್ಲೋರದ್ದು. ನೋಡಿದರೆ ಕಟ್ಟಿದ ಹಾಗೇ ಇದೆ.

ಹಸಿರು ರಟ್ಟು, ಕಂಬಗಳು, ಮೇಲೆ ಛಾವಣಿಯಿಲ್ಲ, ಸುತ್ತ ಬಿದಿರು. ಇದಕ್ಕೆ ಮೊದಲು ಹಸಿರು ದಾರ ಇದ್ದದ್ದು ನನಗೆ ನೆನಪಿದೆ. ಆದರೆ ಕಾಕಾ, ಇದು ಬಿದ್ದ ಕಟ್ಟಡವಲ್ಲ. ಮನೆ ಕಟ್ಟುವುದು ಹೇಗೆ ಎಂಬ ಪುಸ್ತಕ. ಇನ್ನೂ ಕಟ್ಟುತ್ತಿದ್ದಾರೆ.

ಜೋಹರಾ


ಬಾದಾಮಿ
18 ಡಿಸೆಂಬರ್ 1978

ಜೋಹರವ್ವ,

ಆನೆಯ ಮುಂಭಾಗ ಮುಂದಿನ ಹಾಳೆಯಲ್ಲಿದೆ, ಗೋಡೆಗೆ ಕೂಡಿಸಿದ್ದಾರೆ. ಹಳದಿ.

ಎಲ್ಲೋರದ್ದು ಕೆಂಪು. ಕಟ್ಟಿದ ಹಾಗೆ ಕಾಣುವುದು ಬೇರೆ, ಕಟ್ಟುವುದು ಬೇರೆ. ಕಟ್ಟುವವನು ತಪ್ಪಿದರೆ ಕಲ್ಲು ತೆಗೆದು ಬೇರೆ ಇಡಬಹುದು. ಕೊರೆಯುವವನು ತಪ್ಪಿದರೆ ಗುಡ್ಡಕ್ಕೆ ಏನು ಹೇಳುತ್ತಾನೆ?

ಮೂರನೆಯದಕ್ಕೆ ಮೂರು ದಿನ ನಾಚಿಕೊಂಡೆ. ಏಳು ವರ್ಷ ಅದು ಬಿದ್ದದ್ದರಲ್ಲಿ ಇತ್ತು. ಗೌಂಡಿ ಕೆಲಸದವರು ಒಬ್ಬರೂ ಅದನ್ನು ಮುಟ್ಟಲಿಲ್ಲ, ಯಾಕೆ ಎಂದು ನಾನೂ ಯೋಚಿಸುತ್ತಿದ್ದೆ. ಆದರೂ ಹೇಳು, ಒಂದೇ ಚಿತ್ರ ನೋಡಿದರೆ ಅದು ಏಳುತ್ತಿದೆಯೋ ಬೀಳುತ್ತಿದೆಯೋ ಹೇಗೆ ಗೊತ್ತಾಗಬೇಕು? ಹಳದಿ ಕಟ್ಟು. ಉಳಿದ ಹದಿನಾಲ್ಕು ಬೇಗ ಬರೆ.

ಅಮಸಿದ್ದಪ್ಪ


ಇಳಕಲ್
15 ಜನವರಿ 1979

ಕಾಕಾ ಅವರಿಗೆ,

ನಿಮ್ಮ ಕಾರ್ಡು ಬಂತು, ಉಳಿದ ಹದಿನಾಲ್ಕೂ ಮುಗಿದವು. ಈಗ ಕಪಾಟು ಹೀಗಿದೆ. ನಾಲ್ಕು ಸಾಲು, ಸಾಲಿಗೊಂದು ದಾರ. ಒಂದೊಂದು ಸಾಲಿನ ಒಳಗೆ ನನ್ನ ಸಂಖ್ಯೆಗಳು ಕ್ರಮವಾಗಿ. ನಿಮ್ಮ ಮನೆಯಲ್ಲಿ ನಾನು ಬಾಡಿಗೆಗೆ ಇದ್ದ ಹಾಗೆ. ಡಿಸೆಂಬರಿನಲ್ಲಿ ಮೂವತ್ತೆಂಟು ಪುಸ್ತಕ ಹೊರಗೆ ಹೋದವು.

ಫೆಬ್ರುವರಿ ಎಂಟಕ್ಕೆ ಸಾಹೇಬರು ಬರುತ್ತಾರೆ. ನನಗೆ ದಿಗಿಲು. ದಾರ ಎಂದರೆ ಏನು ಎಂದು ಕೇಳಿದರೆ ನಾನು ಹೇಳಬಲ್ಲೆ, ಆದರೆ ನೀವು ಹೇಳಿದರೆ ಅದರ ತೂಕವೇ ಬೇರೆ. ಬಸ್ಸಿಗೆ ಬಂದುಬಿಡಿ. ಬಂದು ಸುಮ್ಮನೆ ಕೂತರೂ ಸಾಕು.

ಜೋಹರಾ


ಬಾದಾಮಿ
30 ಜನವರಿ 1979

ಜೋಹರವ್ವ,

ಎಂಟನೇ ತಾರೀಖು ಆಗುವುದಿಲ್ಲ. ಅಂದು ಬೀರಪ್ಪನ ಗುಡಿಯಲ್ಲಿ ಮನೆತನದ ಪೂಜೆ ಇದೆ. ಅಲ್ಲದೆ ನನ್ನ ಮೊಣಕಾಲು ನೋಯುತ್ತಿದೆ. ಅಲ್ಲದೆ ರಂಗವ್ವ ಊರಿಗೆ ಹೋಗುತ್ತಾಳೆ, ಮಂಗಗಳಿಂದ ಮನೆ ಕಾಯಲು ಯಾರೂ ಇಲ್ಲ. ನೀನು ಕಲಿತವಳು, ನೀನೇ ಹೇಳು. ನನ್ನ ಹೆಸರು ಎತ್ತುವ ಜರೂರಿಲ್ಲ.

ಅಮಸಿದ್ದಪ್ಪ


ಇಳಕಲ್
10 ಫೆಬ್ರುವರಿ 1979

ಕಾಕಾ ಅವರಿಗೆ,

ಪೂಜೆಗೆ ಹೋಗುವವರು, ಮೊಣಕಾಲು ನೋಯುವವರು, ಮನೆ ಕಾಯುವವರು, ಈ ಮೂರೂ ಜನಕ್ಕೆ ನನ್ನ ನಮಸ್ಕಾರ.

ಪುಸ್ತಕಗಳು ಎಲ್ಲಿಗೂ ಹೋಗುವುದಿಲ್ಲ! ಮೊದಲು ಅದನ್ನೇ ಬರೆಯಬೇಕಿತ್ತು.

ಸಾಹೇಬರು ಒಳಗೆ ಬಂದವರೇ ಕಪಾಟು ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರಿ ಇದು, ಪುಸ್ತಕಕ್ಕ ತಾಯತ ಕಟ್ಟೀರಲ್ಲ?" ಎಂದರು. ಅಷ್ಟರಲ್ಲಿ ಮಲೀಕಸಾಬರು ಒಂದು ಪುಸ್ತಕ ವಾಪಸು ತಂದರು. ಸಾಹೇಬರು ಅವರನ್ನೇ ಹಿಡಿದು ನಿಲ್ಲಿಸಿದರು.

"ಗುಡ್ಡ ಕಡದು ಮಾಡಿದ್ದು, ಹಿಂದೂಸ್ತಾನದ್ದಲ್ಲ, ಅಂಥಾದ್ದು ಒಂದು ತಗೀರಿ ನೋಡೋಣು."

ಮಲೀಕಸಾಬರು ಕೆಂಪು ಸಾಲಿಗೆ ಕೈ ಹಾಕಿ ನಿಮ್ಮ ಈಜಿಪ್ತನ್ನು ಎತ್ತಿ ಮೇಜಿನ ಮೇಲಿಟ್ಟರು. ಮಗ್ಗಿ ಹೇಳುವಷ್ಟೂ ಹೊತ್ತು ಹಿಡಿಯಲಿಲ್ಲ.

"ನಿಮಗ ಇಂಗ್ಲಿಷ್ ಓದಾಕ ಬರ್ತೈತೇನು?"

"ಎಲ್ಲೀದ್ರಿ ಸಾಹೇಬ್ರ. ಕಲ್ಲು ಓದಾಕ ಬರ್ತೈತಿ."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ನನ್ನ ಸಂಖ್ಯೆಗಳನ್ನು ಒಂದು ತಾಸು ತಾಳೆ ನೋಡಿದರು. ತಪ್ಪು ಸಿಗಲಿಲ್ಲ. ಆಮೇಲೆ ಹಳದಿ ಸಾಲಿನ ಮುಂದೆ ಬಗ್ಗಿ, ಮನೆ ಕಟ್ಟುವ ಆ ಹಸಿರು ರಟ್ಟಿನ ಪುಸ್ತಕ ತೆಗೆದು ನಿಂತೇ ಓದಲು ಶುರುಮಾಡಿದರು. ಬಾಗಲಕೋಟೆಯಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ. ಹೋಗುವಾಗ ಎರವಲು ಪಡೆದು, ರಿಜಿಸ್ಟರಿನಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋದರು. ಹೀಗಾಗಿ ಪುಸ್ತಕ ಬಾಗಲಕೋಟೆಗೆ ಹೋದದ್ದು ಖರೆ, ಆದರೆ ಒಂದೇ, ಹದಿನೈದು ದಿನಕ್ಕೆ.

ಈ ಪದ್ಧತಿ ಯಾರದು ಎಂದು ಕೇಳಿದರು. ಹೆಸರು ಎತ್ತಬೇಡ ಎಂದಿದ್ದಿರಿ. ಎತ್ತಿದೆ. ನಿಮ್ಮ ಕೆಲಸಕ್ಕೆ ನನ್ನ ಹೆಸರು ಬರೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದರಿಂದ ಒಂದು ಎಡವಟ್ಟಾಗಿದೆ. ಪ್ರಾಧ್ಯಾಪಕರ ಮನೆಯಿಂದ ಇನ್ನೊಂದು ಪೆಟ್ಟಿಗೆ ಪುಸ್ತಕ ರೈಲಿನಲ್ಲಿ ಬರುವುದಿದೆಯಂತೆ. ಸಾಹೇಬರು ಅದನ್ನು ಬಾದಾಮಿ ಸ್ಟೇಷನ್ನಿನಲ್ಲೇ ಇಳಿಸಿ ನಿಮ್ಮ ಮನೆಗೆ ಕಳಿಸಲು ಹೇಳಿದ್ದಾರೆ. "ಅವರೇ ದಾರ ಕಟ್ಟಿ ಕೊಡಲಿ" ಎಂದರು. ತಡೆಯಲು ಆಗಲಿಲ್ಲ. ಕ್ಷಮಿಸಿ.

ನಿಮ್ಮ ಜೋಹರಾ


ಬಾದಾಮಿ
14 ಮಾರ್ಚ್ 1979

ಜೋಹರವ್ವ,

ಪೆಟ್ಟಿಗೆ ಬಂತು. ನಲವತ್ತೊಂದು ಪುಸ್ತಕ. ಕಟ್ಟೆಯ ಮೇಲೆ ಹರವಿಕೊಂಡು ಕೂತರೆ ಓಣಿಯವರೆಲ್ಲ ಬಂದು ನೋಡಿದರು. ನಲವತ್ತಕ್ಕೆ ದಾರ ಕಟ್ಟಿದೆ. ಎರಡು ದಿನ ಬಹಳ ಸುಖದಲ್ಲಿದ್ದೆ.

ನಲವತ್ತೊಂದನೆಯದು ದಪ್ಪ ಪುಸ್ತಕ, ಕಂದು ರಟ್ಟು. ಮೊದಲ ಹಾಳೆಯಿಂದ ಕೊನೆಯ ಹಾಳೆಯ ತನಕ ಇರುವೆ ಸಾಲಿನ ಹಾಗೆ ಅಕ್ಷರ. ಒಂದೇ ಒಂದು ಚಿತ್ರವಿಲ್ಲ.

ನಾಲ್ಕು ದಿನ ಅದನ್ನು ಮುಂದಿಟ್ಟುಕೊಂಡು ಕೂತೆ. ಯಾವುದಾದರೊಂದು ದಾರ ಕಟ್ಟಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎನಿಸಿತು. ಹಳದಿ ದಾರ ಕೈಗೂ ತೆಗೆದುಕೊಂಡೆ. ಕಟ್ಟಲು ಆಗಲಿಲ್ಲ. ನೀನು ಸಾಹೇಬರ ಮುಂದೆ ನನ್ನ ಹೆಸರು ಹೇಳಿದ್ದೀಯ.

ಬರೆದುಬಿಡುತ್ತೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಎ, ಬಿ, ಸಿ ಕೂಡ ಬರುವುದಿಲ್ಲ. ಕನ್ನಡ ಶಾಲೆಯ ಏಳನೇ ಇಯತ್ತೆ, ಮುಲ್ಕಿ ಪರೀಕ್ಷೆ, ಪಾಸಾಗಿ ವಾಚನಾಲಯಕ್ಕೆ ಸಿಪಾಯಿ ಎಂದು ಸೇರಿದವನು ನಾನು. ಹಳೆಯ ಗ್ರಂಥಪಾಲರಿಗೆ ವರ್ಗವಾದಾಗ ಕೀಲಿಕೈ ನನ್ನ ಕೈಗೆ ಬಂತು. ಬೇರೆಯವರು ಬರಲಿಲ್ಲ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಣ್ಣಿನ ಡಾಕ್ಟರ ಮಾತು ಶುದ್ಧ ಸುಳ್ಳು. ಎಂಟನೇ ತಾರೀಖು ಪೂಜೆಯೂ ಇರಲಿಲ್ಲ. ಸಾಹೇಬರು ಒಂದು ಪುಸ್ತಕ ಕೈಗೆ ಕೊಟ್ಟು ಓದಿ ಹೇಳು ಎಂದರೆ ಏನು ಮಾಡಲಿ ಎಂದು ಹೆದರಿ ಮನೆಯಲ್ಲಿ ಕೂತಿದ್ದೆ. ಮಗಳಿಗೂ ಇದು ಗೊತ್ತಿಲ್ಲ.

ಪ್ರಾಧ್ಯಾಪಕರು ಬಸ್ಸಿಗೆ ಕಾಯುವಾಗ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟು, "ಏನ್ ಕಾಣತೈತಿ ಅಮಸಿದ್ದಪ್ಪಾ?" ಎಂದು ಕೇಳುತ್ತಿದ್ದರು. ಕಂಡದ್ದು ಹೇಳುತ್ತಿದ್ದೆ. ಓದು ಎಂದು ಒಂದು ದಿನವೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ.

ನೀನು ನನ್ನನ್ನು ವಿದ್ವಾಂಸರು ಎಂದು ಬರೆದಿದ್ದ ಪತ್ರ ಇನ್ನೂ ಇಟ್ಟುಕೊಂಡಿದ್ದೇನೆ. ಬೇಕಾದರೆ ವಾಪಸು ಕಳಿಸುತ್ತೇನೆ. ಈ ಪುಸ್ತಕಕ್ಕೆ ಮಾತ್ರ ಯಾವ ದಾರ ಎಂದು ನನಗೆ ತಿಳಿಯದು.

ಅಮಸಿದ್ದಪ್ಪ


ಇಳಕಲ್
19 ಮಾರ್ಚ್ 1979

ಕಾಕಾ ಅವರಿಗೆ,

ಪತ್ರ ವಾಪಸು ಕಳಿಸಬೇಡಿ. ಅದರಲ್ಲಿ ರಾಷ್ಟ್ರಕೂಟರಿಗೆ ಚರ್ಚು ಕಟ್ಟಿಸಿದವಳು ನಾನು, ನಾಚಿಕೆ ಪಡುವುದಿದ್ದರೆ ನಾನು ಪಡಬೇಕು. ವಿದ್ವಾಂಸರು ಎಂಬ ಒಂದು ಮಾತು ಮಾತ್ರ ಅದರಲ್ಲಿ ಸರಿಯಿದೆ.

ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ನನಗೆ ಡಾಕ್ಟರ ಮಾತು ಬರೆದ ಆ ಅಕ್ಟೋಬರಿನ ಪತ್ರದಿಂದಲೇ ಗೊತ್ತು. ಹೇಳಲಿಲ್ಲ, ಯಾಕೆಂದರೆ ಆಮೇಲೆ ನೀವು ಪತ್ರ ಬರೆಯುವುದನ್ನೇ ನಿಲ್ಲಿಸಿಬಿಡುತ್ತೀರಿ ಎಂದು ಹೆದರಿಕೆ. ನಿಮ್ಮ ಪತ್ರ ಬಾರದ ಐದು ವಾರ ನನಗೆ ಚೆನ್ನಾಗಿ ನೆನಪಿದೆ.

ಇಪ್ಪತ್ತೈದಕ್ಕೆ ಭಾನುವಾರ. ಬೆಳಗಿನ ಬಸ್ಸಿಗೆ ಹೊರಟು ಹನ್ನೊಂದರ ಒಳಗೆ ಬಾದಾಮಿಗೆ ಬರುತ್ತೇನೆ. ಅಮ್ಮ ಶಮಶಾದಬಿ ಡಬ್ಬಿ ಕಟ್ಟಿಕೊಡುತ್ತಾಳೆ, ರಂಗವ್ವಗೆ ಅಡಿಗೆಯ ತೊಂದರೆ ಬೇಡ. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಸ್ಟ್ಯಾಂಡಿನಲ್ಲಿ ಗುರುತು ಸಿಗುವಂತೆ ಆ ಪುಸ್ತಕ ಹಿಡಿದುಕೊಂಡು ನಿಲ್ಲಿ.

ನಾನು ಒಂದೊಂದೇ ಪುಟ ಓದಿ ಕನ್ನಡದಲ್ಲಿ ಹೇಳುತ್ತೇನೆ. ನೀವು ಕೇಳಿ. ಯಾವ ದಾರ ಎಂದು ತಿಳಿದ ತಕ್ಷಣ ನಿಲ್ಲಿಸಿ ಎನ್ನಿ. ತಿಳಿಯದಿದ್ದರೆ ಮುಂದಿನ ಭಾನುವಾರ ಮತ್ತೆ ಬರುತ್ತೇನೆ.

ಇಳಕಲ್ಲಿನಲ್ಲಿ ಯಾರಾದರೂ ಕೇಳಿದರೆ ವರ್ಗೀಕರಣ ನಡೆದಿದೆ ಎನ್ನುತ್ತೇನೆ. ನನಗೆ ಅವಸರವಿಲ್ಲ.

ನಿಮ್ಮ
ಜೋಹರಾ